ರಿಡಂಡೆನ್ಸಿ: ಹಣ ಎಷ್ಟು, ದಿನ ಎಷ್ಟು

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 2023ರ ಮಾರ್ಚ್ 13ರಂದು ಇಂಗ್ಲೆಂಡಿನ ರೆಡಿಂಗಿನ ದೊಡ್ಡ ಕಂಪನಿಯೊಂದರಲ್ಲಿ, ಆ ಕಂಪನಿಯೇ ಪ್ರಾಯೋಜಿಸುವ ಸ್ಕಿಲ್ಡ್ ವರ್ಕರ್ ವೀಸಾದ ಮೇಲೆ ಕೆಲಸಕ್ಕೆ ಸೇರಿದ್ದೀರಿ. ಅದಕ್ಕೆ ಮೊದಲು ಅದೇ ಸಮೂಹದ ಬೆಂಗಳೂರಿನ ಕಚೇರಿಯಲ್ಲಿ ಐದು ವರ್ಷ ದುಡಿದಿದ್ದೀರಿ. ನಿಮಗೀಗ 34 ವರ್ಷ, ವಾರದ ಸಂಬಳ ತೆರಿಗೆಗೆ ಮುಂಚೆ 1,100 ಪೌಂಡು, ಕರಾರಿನಂತೆ ನೋಟಿಸಿನ ಅವಧಿ ಮೂರು ತಿಂಗಳು. 2025ರ ಈ ನವೆಂಬರಿನ ಮೊದಲ ವಾರ ನಿಮ್ಮ ಹುದ್ದೆ ಹೋಗಬಹುದೆಂಬ ಪತ್ರ ಬಂದಿದೆ, ಡಿಸೆಂಬರ್ 31ಕ್ಕೆ ಬಿಡುಗಡೆ ಮಾಡಿ ನೋಟಿಸಿನ ಸಂಬಳವನ್ನು ಒಟ್ಟಿಗೆ ಕೊಟ್ಟುಬಿಡುವ ಮಾತು ನಡೆದಿದೆ. ವರ್ಷಕ್ಕೊಂದು ತಿಂಗಳ ಸಂಬಳದಂತೆ ಎಂಟು ತಿಂಗಳದ್ದು ಸಿಗುತ್ತದೆ ಎಂದು ಗೆಳೆಯರೊಬ್ಬರು ಹೇಳಿದ್ದಾರೆ, ಅದು ನಿಜವೇ ಎಂದು ಕೇಳಿದ್ದೀರಿ.

ನಿಜವಲ್ಲ. ಕಾನೂನಿನ ಪ್ರಕಾರ ನಿಮಗೆ ಬರಬೇಕಾದ ರಿಡಂಡೆನ್ಸಿ ಹಣ, ಅಂದರೆ ಹುದ್ದೆಯೇ ಇಲ್ಲವಾದಾಗ ಕಂಪನಿ ಕೊಡಬೇಕಾದ ಪರಿಹಾರ, 1,438 ಪೌಂಡು. ಓದಿದ ಕೂಡಲೇ ಎದೆ ಧಸಕ್ಕೆನ್ನಬಹುದು, ಆದರೆ ಮೊದಲು ಈ ಅಂಕಿಯನ್ನು ಅರಗಿಸಿಕೊಂಡರೆ ಮುಂದಿನ ಮಾತುಕತೆ ಸಲೀಸಾಗುತ್ತದೆ.

ಲೆಕ್ಕ ಹೀಗಿದೆ. ಈ ದೇಶದಲ್ಲಿ ರಿಡಂಡೆನ್ಸಿ ಹಣದ ಹಕ್ಕು 1965ರ ಕಾಯಿದೆಯಿಂದ ಬಂದದ್ದು, ಈಗ ಅದು 1996ರ ಎಂಪ್ಲಾಯ್‌ಮೆಂಟ್ ರೈಟ್ಸ್ ಕಾಯಿದೆಯೊಳಗೆ ಸೇರಿದೆ. ಒಂದೇ ಸಮನೆ ಎರಡು ವರ್ಷ ಸೇವೆ ಮಾಡಿದವರಿಗೆ ಮಾತ್ರ ಆ ಹಕ್ಕು. 22 ತುಂಬುವುದಕ್ಕೆ ಮುಂಚಿನ ಪ್ರತಿ ಪೂರ್ಣ ವರ್ಷಕ್ಕೆ ಅರ್ಧ ವಾರದ ಸಂಬಳ, 22ರಿಂದ 40ರವರೆಗಿನ ವಯಸ್ಸಿನ ಪ್ರತಿ ವರ್ಷಕ್ಕೆ ಒಂದು ವಾರದ್ದು, 41 ತುಂಬಿದ ಮೇಲಿನ ಪ್ರತಿ ವರ್ಷಕ್ಕೆ ಒಂದೂವರೆ ವಾರದ್ದು. ಇಪ್ಪತ್ತು ವರ್ಷಕ್ಕಿಂತ ಹೆಚ್ಚಿನ ಸೇವೆ ಲೆಕ್ಕಕ್ಕೆ ಬರುವುದಿಲ್ಲ. ಇದರ ಮೇಲೆ ಇನ್ನೊಂದು ಮುಚ್ಚಳವಿದೆ: ನಿಮ್ಮ ವಾರದ ಸಂಬಳ ಎಷ್ಟೇ ಇರಲಿ, 2025ರ ಏಪ್ರಿಲ್ 6ರಿಂದ 2026ರ ಏಪ್ರಿಲ್ 5ರವರೆಗಿನ ಬಿಡುಗಡೆಗಳಿಗೆ ಕಾನೂನು ಎಣಿಸುವುದು ವಾರಕ್ಕೆ 719 ಪೌಂಡು ಮಾತ್ರ. ಹೀಗಾಗಿ ಡಿಸೆಂಬರ್ 31ಕ್ಕೆ ಬಿಡುಗಡೆಯಾದರೆ ನಿಮ್ಮ ಎರಡು ಪೂರ್ಣ ವರ್ಷಕ್ಕೆ ಎರಡು ವಾರ, ಅಂದರೆ 1,438. ಎರಡು ವರ್ಷದ ಮೇಲಿನ ಒಂಬತ್ತು ತಿಂಗಳು ಲೆಕ್ಕಕ್ಕಿಲ್ಲ. ಮೂವತ್ತು ವರ್ಷ ದುಡಿದು ಅರವತ್ತೈದರಲ್ಲಿ ಕೆಲಸ ಕಳೆದುಕೊಂಡವರಿಗೂ ಈ ಮಿತಿಯಲ್ಲಿ ಕಾನೂನು ಕೊಡಿಸುವುದು 21,570 ಪೌಂಡಿಗಿಂತ ಹೆಚ್ಚಿಲ್ಲ.

ಬೆಂಗಳೂರಿನ ಐದು ವರ್ಷಗಳು ಈ ಕಾನೂನಿನ ಲೆಕ್ಕಕ್ಕೆ ಸಾಮಾನ್ಯವಾಗಿ ಸೇರುವುದಿಲ್ಲ, ಏಕೆಂದರೆ ಬ್ರಿಟನ್ನಿನ ಹೊರಗೆ, ಇಲ್ಲಿನ ನ್ಯಾಷನಲ್ ಇನ್ಶೂರೆನ್ಸ್ (ಸಂಬಳದ ಮೇಲಿನ ಸಾಮಾಜಿಕ ಭದ್ರತೆಯ ವಂತಿಗೆ) ಕಟ್ಟದೆ ದುಡಿದ ವಾರಗಳನ್ನು ರಿಡಂಡೆನ್ಸಿಗಾಗಿ ಎಣಿಸುವುದಿಲ್ಲ. ಅಲ್ಲಿ ಐದು ವರ್ಷ ತುಂಬಿದ್ದರೆ ಗ್ರಾಚ್ಯುಯಿಟಿ ಬಂದಿರಬೇಕು, ಬಂದಿಲ್ಲವಾದರೆ ಅದನ್ನು ಅಲ್ಲಿನ ಕಚೇರಿಯಲ್ಲೇ ವಿಚಾರಿಸಿ. ನಮ್ಮವರು ಗ್ರಾಚ್ಯುಯಿಟಿಯನ್ನೂ ರಿಡಂಡೆನ್ಸಿಯನ್ನೂ ಒಂದೇ ಎಂದು ತಿಳಿದುಕೊಂಡು ಮೋಸ ಹೋಗುವುದನ್ನು ಹಲವು ಬಾರಿ ನೋಡಿದ್ದೇನೆ. ಗ್ರಾಚ್ಯುಯಿಟಿ ನೀವೇ ಬಿಟ್ಟು ಹೋದರೂ ಬರುತ್ತದೆ. ರಿಡಂಡೆನ್ಸಿ ಹಣ ನೀವೇ ರಾಜೀನಾಮೆ ಕೊಟ್ಟರೆ ಬರುವುದಿಲ್ಲ. ಬೆಂಗಳೂರಿನಲ್ಲಿ ಎಚ್‌ಆರ್ ಕರೆದು, ದಾಖಲೆಯಲ್ಲಿ ಕಪ್ಪುಚುಕ್ಕೆ ಬೇಡ, ನೀವೇ ಪೇಪರ್ ಹಾಕಿಬಿಡಿ ಎನ್ನುವುದನ್ನು ಕೇಳಿ ಬೆಳೆದವರು ನಾವು. ಇಲ್ಲಿ ಆ ಮಾತಿಗೆ ಕಿವಿಗೊಡಬೇಡಿ. ರಿಡಂಡೆನ್ಸಿ ಎಂದರೆ ಹುದ್ದೆ ಹೋಯಿತೆಂದು ಅರ್ಥವೇ ಹೊರತು ಆಳು ಕೆಟ್ಟವನೆಂದಲ್ಲ, ಮುಂದಿನ ಕಂಪನಿಯವರು ಅದನ್ನು ಹಾಗೆಯೇ ಓದುತ್ತಾರೆ.

ಈಗ ಕಾನೂನಿನ ಆಚೆಯ ಮಾತಿಗೆ ಬರುತ್ತೇನೆ. ದೊಡ್ಡ ಕಂಪನಿಗಳಲ್ಲಿ ಅನೇಕವು ಕನಿಷ್ಠಕ್ಕಿಂತ ಹೆಚ್ಚು ಕೊಡುತ್ತವೆ, ಆದರೆ ಕರಾರಿನಲ್ಲಿ ಬರೆದಿದ್ದರೆ ಮಾತ್ರ ಅದು ಹಕ್ಕು. ಉಳಿದಂತೆ ಅವರ ದೊಡ್ಡ ಮನಸ್ಸು. ಹಾಗಾಗಿ ಗೆಳೆಯರ ಕಂಪನಿ ಎಷ್ಟು ಕೊಟ್ಟಿತು ಎಂಬುದನ್ನು ಪಕ್ಕಕ್ಕಿಟ್ಟು, ನಿಮ್ಮಲ್ಲಿ ರಿಡಂಡೆನ್ಸಿ ಪಾಲಿಸಿ ಇದೆಯೇ, ಅದು ವಾರದ ನಿಜವಾದ ಸಂಬಳವನ್ನು ಎಣಿಸುತ್ತದೆಯೇ, ಸೇವೆಯನ್ನು ಸಮೂಹಕ್ಕೆ ಸೇರಿದ ದಿನದಿಂದ ಎಣಿಸುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಬೆಂಗಳೂರಿನ ವರ್ಷಗಳಿಗೆ ಬೆಲೆ ಸಿಗುವುದಾದರೆ ಇಲ್ಲಿಯೇ ಸಿಗಬೇಕು.

ನನ್ನದೇ ಎರಡು ಅನುಭವ ಹೇಳುತ್ತೇನೆ. 2007ರ ಜೂನ್‌ನಲ್ಲಿ ಲಂಡನ್ನಿನ ಒಂದು ಹಣಕಾಸು ಸಂಸ್ಥೆಗೆ ಸೇರಿದ ನನ್ನನ್ನು 2009ರ ಮೇ ತಿಂಗಳಲ್ಲಿ, ಎರಡು ವರ್ಷ ತುಂಬಲು ಐದು ವಾರವಿದ್ದಾಗ ತೆಗೆದರು. ಒಂದು ತಿಂಗಳ ನೋಟಿಸಿನ ಸಂಬಳ, ಬಾಕಿ ಉಳಿದ ನಾಲ್ಕು ದಿನದ ರಜೆಯ ಸಂಬಳ, ಅಷ್ಟೇ. ಐದು ವಾರ ತಡೆಯಿರಿ ಎಂದು ಕೇಳಬಹುದೆಂಬ ಯೋಚನೆಯೂ ನನಗೆ ಬರಲಿಲ್ಲ. ಕೇಳುವುದು ಮರ್ಯಾದೆಯಲ್ಲ ಎಂದುಕೊಂಡು ಕೈಕುಲುಕಿ ಬಂದೆ. ಎರಡನೆಯ ಸಲ, 2019ರ ಅಕ್ಟೋಬರಿನಲ್ಲಿ, ಹತ್ತು ವರ್ಷ ದುಡಿದ ಕಂಪನಿಯ ನಾಲ್ಕನೆಯ ಮಹಡಿಯ ಸಣ್ಣ ಕೋಣೆಗೆ ಕರೆದರು. ಮೇಜಿನ ಮೇಲೆ ನೀರಿನ ಜಗ್ಗು, ಹೊಸದಾಗಿ ಒಡೆದ ಟಿಶ್ಯೂ ಡಬ್ಬಿ, ಮಗುಚಿಟ್ಟ ಎರಡು ಹಾಳೆ. ಎಚ್‌ಆರ್ ಹೆಣ್ಣುಮಗಳು ಹಾಳೆಯನ್ನು ತಿರುಗಿಸಿ ನನ್ನ ಕಡೆ ಸರಿಸಿದರು. ವಾರದ ಸಂಬಳ 1,150 ಪೌಂಡಿನಂತೆ ವರ್ಷಕ್ಕೆ ಮೂರು ವಾರ, ಒಟ್ಟು 34,500. ನನಗಾಗ 43 ವರ್ಷ. ಅಂದಿನ 525 ಪೌಂಡಿನ ಮಿತಿಯಲ್ಲಿ ಕಾನೂನಿನ ಹನ್ನೊಂದು ವಾರಕ್ಕೆ ಬರುವ 5,775 ಪೌಂಡು ಆ ಮೊತ್ತದೊಳಗೇ ಅಡಗಿತ್ತು, ಬೇರೆಯಾಗಿರಲಿಲ್ಲ. ನಾನು ಎರಡನ್ನೂ ಕೂಡಿಸಿಕೊಂಡು ಮನೆಯಲ್ಲಿ ಹೇಳಿದ್ದೆ, ಆಮೇಲೆ ತಿದ್ದಿ ಹೇಳಬೇಕಾಯಿತು.

ತೆರಿಗೆಯ ವಿಷಯ ಹೆಚ್ಚು ಬೆಳೆಸುವುದಿಲ್ಲ. ರಿಡಂಡೆನ್ಸಿಯೆಂದು ಕೊಟ್ಟ ಹಣದಲ್ಲಿ ಮೊದಲ 30,000 ಪೌಂಡಿಗೆ ಆದಾಯ ತೆರಿಗೆಯಿಲ್ಲ. 1988ರಿಂದ ಆ ಅಂಕಿ ಕದಲಿಲ್ಲ, ಬೆಲೆಗಳು ಎಲ್ಲಿಂದ ಎಲ್ಲಿಗೆ ಹೋದವೋ ಬಲ್ಲಿರಿ. ನೋಟಿಸಿಗೆ ಬದಲು ಕೊಡುವ ಸಂಬಳ, ರಜೆಯ ಸಂಬಳ, ಬೋನಸ್ ಇವಕ್ಕೆಲ್ಲ ಎಂದಿನಂತೆ ತೆರಿಗೆ ಕಡಿತವಾಗುತ್ತದೆ. ಹಾಗಾಗಿ ‘ನಾಲ್ಕು ತಿಂಗಳ ಪ್ಯಾಕೇಜ್’ ಎಂದರೆ ಅದರಲ್ಲಿ ಯಾವುದು ಎಷ್ಟು ಎಂದು ಬಿಡಿಸಿ ಕೇಳಿ.

ಇಷ್ಟೆಲ್ಲ ಹೇಳಿದ ಮೇಲೆ, ನಿಮ್ಮ ಪತ್ರದಲ್ಲಿ ನನಗೆ ಆತಂಕ ತಂದದ್ದು ಹಣದ ಮಾತಲ್ಲ, ‘ಡಿಸೆಂಬರ್ 31’ ಎಂಬ ತಾರೀಖು. ನೀವು ಅದನ್ನು ಹಾಗೇ ಒಪ್ಪಿಕೊಂಡಂತೆ ಬರೆದಿದ್ದೀರಿ. ಕೆಲಸ ಮುಗಿದ ಮೇಲೆ ಕಂಪನಿ ಹತ್ತು ಕೆಲಸದ ದಿನಗಳೊಳಗೆ, ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆಯಾದ ಹೋಮ್ ಆಫೀಸಿಗೆ ವರದಿ ಮಾಡಬೇಕು. ಆಮೇಲೆ ಹೋಮ್ ಆಫೀಸಿನ ಪತ್ರ ಬರುತ್ತದೆ, ಸಾಮಾನ್ಯವಾಗಿ ವೀಸಾವನ್ನು 60 ದಿನಕ್ಕೆ ಮೊಟಕುಗೊಳಿಸಿ. ಅಷ್ಟರಲ್ಲಿ ಪ್ರಾಯೋಜಕತ್ವ ಕೊಡುವ ಹೊಸ ಕಂಪನಿ ಹುಡುಕಿ ಅರ್ಜಿ ಹಾಕಬೇಕು, ಬೇರೆ ವೀಸಾಕ್ಕೆ ಬದಲಾಗಬೇಕು, ಇಲ್ಲವೇ ಹೊರಡಬೇಕು. ನಿಮ್ಮ ಹೆಂಡತಿ ಮತ್ತು ಮಗುವಿನ ವೀಸಾ ನಿಮ್ಮದಕ್ಕೆ ಅಂಟಿಕೊಂಡಿದೆ.

ನೋಟಿಸಿನ ಮೂರು ತಿಂಗಳ ಸಂಬಳವನ್ನು ಒಟ್ಟಿಗೆ ಕೊಟ್ಟು ಡಿಸೆಂಬರ್ 31ಕ್ಕೆ ಕಳಿಸಿದರೆ ಅಲ್ಲಿಗೇ ಉದ್ಯೋಗ ಮುಗಿಯುತ್ತದೆ, ವರದಿಯ ಗಡಿಯಾರ ಹೊಸ ವರ್ಷದ ಹಬ್ಬದ ರಜೆಯಲ್ಲೇ ಓಡತೊಡಗುತ್ತದೆ. ಅದೇ ಹಣವನ್ನು ತಿಂಗಳು ತಿಂಗಳು ಸಂಬಳವಾಗಿ ಕೊಟ್ಟು ನಿಮ್ಮನ್ನು ಗಾರ್ಡನ್ ಲೀವ್ ಮೇಲೆ ಮನೆಯಲ್ಲಿ ಕೂರಿಸಿದರೆ ನೀವು 2026ರ ಮಾರ್ಚ್ 31ರವರೆಗೆ ಅವರ ನೌಕರರೇ ಆಗಿರುತ್ತೀರಿ. ಕಂಪನಿಯ ಖರ್ಚಿನಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ನಿಮಗೆ ಮೂರು ತಿಂಗಳು ಗಳಿಕೆ. ಜೊತೆಗೆ ಮಾರ್ಚ್ 12ಕ್ಕೆ ಮೂರನೆಯ ವರ್ಷ ತುಂಬಿ ಕಾನೂನಿನ ಹಣ 2,157 ಆಗುತ್ತದೆ. 719 ಪೌಂಡು ಜನವರಿಯ ಗ್ಯಾಸ್ ಬಿಲ್ಲಿಗಾದರೂ ಆಯಿತು. ಕರಾರಿನಲ್ಲಿ ನೋಟಿಸಿಗೆ ಬದಲು ಸಂಬಳ ಕೊಡುವ ಅಧಿಕಾರವನ್ನು ಕಂಪನಿ ಇಟ್ಟುಕೊಂಡಿದ್ದರೆ ನೀವು ಒತ್ತಾಯಿಸಲಾರಿರಿ, ಆದರೆ ಕೇಳಬಹುದು, ವೀಸಾದ ಕಾರಣವನ್ನು ಮುಚ್ಚಿಡದೆ ಹೇಳಬಹುದು. ಮೊತ್ತವನ್ನು ಹೆಚ್ಚಿಸಲು ಎಚ್‌ಆರ್‌ನವರು ಮೇಲಿನವರ ಅನುಮತಿ ತರಬೇಕು. ತಾರೀಖನ್ನು ಬದಲಿಸುವುದು ಹಲವು ಕಡೆ ಅವರ ಕೈಯಲ್ಲೇ ಇರುತ್ತದೆ. ಆದ್ದರಿಂದ ನಿಮ್ಮಂಥವರು ಮೊದಲು ಚೌಕಾಸಿ ಮಾಡಬೇಕಾದದ್ದು ದಿನಕ್ಕೆ, ಆಮೇಲೆ ಹಣಕ್ಕೆ. ಗಾರ್ಡನ್ ಲೀವ್ ಇರುವಾಗ ಬೇರೆಡೆ ದುಡಿಯುವಂತಿಲ್ಲ ಎಂಬ ತೊಡಕು ನಿಮಗೆ ಅಷ್ಟಾಗಿ ತಟ್ಟದು, ಏಕೆಂದರೆ ಹೊಸ ಕಂಪನಿಗೆ ಹೊಸ ವೀಸಾ ಮಂಜೂರಾಗುವವರೆಗೆ ಹೇಗೂ ಕಾಯಬೇಕು.

ನೂರು ಅಥವಾ ಹೆಚ್ಚು ಹುದ್ದೆಗಳನ್ನು ತೆಗೆಯುವಾಗ ಮೊದಲ ಬಿಡುಗಡೆಗೆ ಕನಿಷ್ಠ 45 ದಿನ ಮುಂಚೆ ನೌಕರರ ಪ್ರತಿನಿಧಿಗಳೊಂದಿಗೆ ಸಮಾಲೋಚನೆ ಆರಂಭವಾಗಬೇಕು, ಇಪ್ಪತ್ತರಿಂದ ತೊಂಬತ್ತೊಂಬತ್ತರವರೆಗೆ ಆದರೆ 30 ದಿನ. ಆ ಸಭೆಗಳು ಬರೀ ಶಾಸ್ತ್ರವೆಂದು ಕಾಣಿಸುತ್ತವೆ, ಅರ್ಧ ನಿಜವೂ ಹೌದು, ಆದರೆ ನಿಮ್ಮ ಬೇಡಿಕೆ ದಾಖಲೆಯಾಗಲು ಅದೇ ಜಾಗ. ಬೇರೆ ಹುದ್ದೆ ಕೊಡುತ್ತೇವೆಂದರೆ ತಕ್ಷಣ ಬೇಡವೆನ್ನಬೇಡಿ: ತಕ್ಕ ಹುದ್ದೆಯನ್ನು ಸರಿಯಾದ ಕಾರಣವಿಲ್ಲದೆ ನಿರಾಕರಿಸಿದವರಿಗೆ ರಿಡಂಡೆನ್ಸಿ ಹಣ ತಪ್ಪುತ್ತದೆ, ನಾಲ್ಕು ವಾರ ಪರೀಕ್ಷಾರ್ಥ ಕೆಲಸ ಮಾಡಿ ನೋಡುವ ಹಕ್ಕು ನಿಮಗಿದೆ. ವೀಸಾದ ಉದ್ಯೋಗ ಕೋಡ್ ಬದಲಾಗುವಂಥ ಹುದ್ದೆಯಾದರೆ ಹೊಸ ಅರ್ಜಿ ಬೇಕಾಗುತ್ತದೆ, ಅದನ್ನು ಮೊದಲೇ ಕೇಳಿಕೊಳ್ಳಿ.

ಕಾನೂನಿಗಿಂತ ಹೆಚ್ಚಿನ ಹಣದ ಜೊತೆಗೆ ಸೆಟಲ್‌ಮೆಂಟ್ ಅಗ್ರಿಮೆಂಟ್ ಎಂಬ ಕಾಗದ ಬರುವ ಸಂಭವವಿದೆ. ಅದಕ್ಕೆ ಸಹಿ ಹಾಕಿದರೆ ಮುಂದೆ ದಾವೆ ಹೂಡುವ ಹಕ್ಕುಗಳನ್ನು ಬಿಟ್ಟುಕೊಟ್ಟಂತೆ, ಅದಕ್ಕಾಗಿಯೇ ಸ್ವತಂತ್ರ ಸಲಹೆಗಾರರಿಂದ ಸಲಹೆ ಪಡೆಯದೆ ಹಾಕಿದ ಸಹಿಗೆ ಬೆಲೆಯಿಲ್ಲ. ವಕೀಲರ ಶುಲ್ಕವನ್ನು ಸಾಮಾನ್ಯವಾಗಿ ಕಂಪನಿಯೇ ಭರಿಸುತ್ತದೆ. ‘ಶುಕ್ರವಾರದೊಳಗೆ ಕೊಡಿ’ ಎಂದು ಅವಸರ ಮಾಡಿದರೆ, ಯೋಚಿಸಲು ಕನಿಷ್ಠ ಹತ್ತು ದಿನ ಕೊಡಬೇಕೆಂದು, ಉದ್ಯೋಗದ ತಕರಾರುಗಳಲ್ಲಿ ಸಲಹೆ ಕೊಡುವ ಸಾರ್ವಜನಿಕ ಸಂಸ್ಥೆಯಾದ ಏಕಾಸ್‌ನ ಸಂಹಿತೆ ಹೇಳುವುದನ್ನು ನೆನಪಿಸಿ. ಏಕಾಸ್‌ನ ಸಹಾಯವಾಣಿ ಉಚಿತ, ನಾನು ಎರಡನೆಯ ಸಲ ಕರೆ ಮಾಡಿದ್ದೆ, ತಾಳ್ಮೆಯಿಂದ ಉತ್ತರಿಸಿದರು.

ವೀಸಾದ ಮೇಲೆ ‘ಸಾರ್ವಜನಿಕ ನಿಧಿಗೆ ಹಕ್ಕಿಲ್ಲ’ ಎಂದು ಬರೆದಿರುವುದರಿಂದ ಈ ಹಣ ಪಡೆದರೆ ತೊಂದರೆಯೇ ಎಂದೂ ಕೇಳಿದ್ದೀರಿ. ತೊಂದರೆಯಿಲ್ಲ. ರಿಡಂಡೆನ್ಸಿ ಹಣ ಸರ್ಕಾರದ ನೆರವಲ್ಲ, ಕಂಪನಿ ನಿಮಗೆ ಕೊಡಬೇಕಾದ ಬಾಕಿ.

ಕೊನೆಯದಾಗಿ ಒಂದು ಸಣ್ಣ ಕೆಲಸ, ಆದರೆ ಇವತ್ತೇ ಮಾಡಿ. ನಿಮ್ಮ ಪೇಸ್ಲಿಪ್‌ಗಳು, ಪಿ60 (ವರ್ಷದ ಸಂಬಳ ಮತ್ತು ತೆರಿಗೆಯ ಪತ್ರ), ಕರಾರಿನ ಪ್ರತಿ, ನೇಮಕದ ಪತ್ರ ಎಲ್ಲವೂ ಕಂಪನಿಯ ಪೋರ್ಟಲ್‌ನಲ್ಲಿರುತ್ತವೆ. 2019ರಲ್ಲಿ ನಾನು ಆ ಕೋಣೆಯಿಂದ ಹೊರಬಂದು ನನ್ನ ಮೇಜಿಗೆ ಹೋಗುವಷ್ಟರಲ್ಲಿ ಲ್ಯಾಪ್‌ಟಾಪ್ ನನ್ನ ಪಾಸ್‌ವರ್ಡ್ ಒಪ್ಪುತ್ತಿರಲಿಲ್ಲ. ಹತ್ತು ವರ್ಷದ ಪೇಸ್ಲಿಪ್‌ಗಳನ್ನು ಅಂಚೆಯಲ್ಲಿ ತರಿಸಿಕೊಳ್ಳಲು ಏಳು ವಾರ ಹಿಡಿಯಿತು. ಕಂಪನಿಯ ಕೆಲಸದ ಕಡತ ಯಾವುದನ್ನೂ ಮುಟ್ಟದೆ, ನಿಮ್ಮ ಹೆಸರಿನ ಈ ಕಾಗದಗಳನ್ನು ಮಾತ್ರ ಮನೆಯ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಕರಾರಿನಲ್ಲಿ ನೋಟಿಸಿನ ಕಲಮು ಹೇಗಿದೆ ಎಂಬುದನ್ನು ಯಥಾವತ್ತಾಗಿ ಬರೆದು ಕಳಿಸಿದರೆ, ತಾರೀಖು ಕೇಳುವ ಪತ್ರದ ಕರಡನ್ನು ಭಾನುವಾರದೊಳಗೆ ನೋಡಿಕೊಡುತ್ತೇನೆ.