ಸ್ಲೋ ಕುಕ್ಕರ್‌ನಲ್ಲಿ ವೈನ್ ಕೋಳಿ: ಗೊಜ್ಜು ನೀರಾಗಿದ್ದು ಯಾಕೆ?

ಪ್ರಶ್ನೆ: ಮೇಡಂ, ನಾವು ಫ್ರಾನ್ಸ್‌ನ ಲಿಯಾನ್‌ನಲ್ಲಿದ್ದೇವೆ. ನಮ್ಮನೆಯವರ ಆಫೀಸಿನವರನ್ನು ಊಟಕ್ಕೆ ಕರೆದಿದ್ದೆವು. ಅವರದೇ ಅಡುಗೆ ಮಾಡೋಣ ಎಂದು ‘ಕೋಕ್ ಓ ವ್ಯಾಂ’ ಆರಿಸಿಕೊಂಡೆ. ಕೋಳಿ, ಈರುಳ್ಳಿ, ಕ್ಯಾರೆಟ್, ಅಣಬೆ, ಒಂದು ಬಾಟಲಿ ರೆಡ್ ವೈನ್ ಎಲ್ಲವನ್ನೂ ಬೆಳಿಗ್ಗೆಯೇ ಸ್ಲೋ ಕುಕ್ಕರ್‌ಗೆ (ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆ) ಹಾಕಿ ‘ಲೋ’ದಲ್ಲಿ, ಅಂದರೆ ಅದರ ಕಡಿಮೆ ಬಿಸಿಯಲ್ಲಿ, 8 ಗಂಟೆ ಬಿಟ್ಟೆ. ಸಂಜೆ ಮುಚ್ಚಳ ತೆಗೆದರೆ ನೇರಳೆ ಬಣ್ಣದ ನೀರು, ಹಸಿ ವೈನ್ ವಾಸನೆ, ಕೋಳಿ ನಾರುನಾರು. ನಾನು ಮಾಡಿದ ತಪ್ಪೇನು?

ಉತ್ತರ: ತಪ್ಪು ನಿಮ್ಮದಕ್ಕಿಂತ ಜಾಸ್ತಿ ‘ಎಲ್ಲಾ ಸುರಿದು ಸ್ವಿಚ್ ಹಾಕಿ’ ಎನ್ನುವ ರೆಸಿಪಿಗಳದ್ದು. ಈ ಅಡುಗೆ ಸ್ಲೋ ಕುಕ್ಕರ್‌ನಲ್ಲಿ ಚೆನ್ನಾಗಿಯೇ ಬರುತ್ತದೆ. ಆದರೆ ಅರ್ಧ ಗಂಟೆ ಒಲೆ ಮುಂದೆ ನಿಲ್ಲಲೇಬೇಕು.

ಮೊದಲು ವೈನ್ ವಿಷಯ. ಒಲೆಯ ಮೇಲೆ ಬೇಯಿಸುವಾಗ ಆವಿ ಹೊರಗೆ ಹೋಗುತ್ತಾ ಗೊಜ್ಜು ತಾನಾಗಿ ಗಟ್ಟಿಯಾಗುತ್ತದೆ. ಸ್ಲೋ ಕುಕ್ಕರ್‌ನಲ್ಲಿ ಹಾಗಲ್ಲ. ಆವಿ ಮುಚ್ಚಳಕ್ಕೆ ತಾಗಿ, ನೀರಾಗಿ, ಮತ್ತೆ ಒಳಗೇ ಬೀಳುತ್ತದೆ. ಅದರ ಜೊತೆಗೆ ಕೋಳಿ, ಈರುಳ್ಳಿ ಬಿಟ್ಟ ನೀರೂ ಸೇರುತ್ತದೆ. ಹಾಗಾಗಿ ಬಾಟಲಿಯಲ್ಲಿದ್ದ 750 ಮಿಲಿ ಸಂಜೆಗೆ ಇನ್ನೂ ಜಾಸ್ತಿಯೇ ಆಗಿರುತ್ತದೆ. ಮದ್ಯದ ಅಂಶಕ್ಕೂ ಹೊರಗೆ ಹೋಗಲು ದಾರಿಯಿಲ್ಲ. ನಿಮಗೆ ಬಂದ ಹಸಿ ವಾಸನೆ ಅದೇ. ವೈನನ್ನು ಕುಕ್ಕರ್‌ಗೆ ಹಾಕುವ ಮುಂಚೆಯೇ ಕುದಿಸಿ ಪ್ರಮಾಣ ಇಳಿಸಬೇಕು. ಅಗಲ ಬಾಣಲೆಯಲ್ಲಿ ಜೋರು ಉರಿಯಿಟ್ಟು, ಒಂದು ಬಾಟಲಿ ಸುಮಾರು 300 ಮಿಲಿಗೆ ಬರುವವರೆಗೆ. ನೇರಳೆ ಹೋಗಿ ಗಾಢ ಕೆಂಪು ಬಂದಿರುತ್ತದೆ, ಮೂಗಿಗೆ ಕುಟ್ಟುವ ಘಾಟೂ ಇರುವುದಿಲ್ಲ.

ಇನ್ನು ಕೋಳಿ. ‘ಕೋಕ್’ ಎಂದರೆ ಹುಂಜ. ಬರ್ಗಂಡಿ ಕಡೆಯ ರೈತರ ಮನೆಯಲ್ಲಿ ವಯಸ್ಸಾಗಿ ಮಾಂಸ ಗಟ್ಟಿಯಾದ ಹುಂಜವನ್ನು ಮೆತ್ತಗೆ ಮಾಡಲು ಕಂಡುಕೊಂಡ ದಾರಿ ಇದು. (ಜೂಲಿಯಸ್ ಸೀಸರ್‌ಗೆ ಮೊದಲು ಬಡಿಸಿದ್ದರು ಎಂಬ ಕಥೆಯೂ ಇದೆ. ಸುಮ್ನೆ ಕೇಳಿ ಬಿಡಿ.) ಹುಂಜದ ಗಟ್ಟಿ ನಾರು ಕರಗಿ ಗೊಜ್ಜಿಗೆ ಅಂಟು ಬರಲು ಗಂಟೆಗಟ್ಟಲೆ ಬೇಕು. ನೀವು ಸೂಪರ್ ಮಾರ್ಕೆಟ್‌ನಿಂದ ತಂದ ಎಳೆ ಕೋಳಿಗೆ 8 ಗಂಟೆ ಶಿಕ್ಷೆಯೇ ಸರಿ. ಎದೆ ಭಾಗವನ್ನು ಬಿಡಿ, ಅದು ಒಣಗುತ್ತದೆ. ಮೂಳೆ ಸಮೇತ ತೊಡೆ ಮತ್ತು ಕಾಲು, ಒಟ್ಟು ಒಂದೂಕಾಲು ಕೆಜಿ ತನ್ನಿ. ‘ಲೋ’ದಲ್ಲಿ 4ರಿಂದ 5 ಗಂಟೆ ಧಾರಾಳವಾಯ್ತು.

ಮಾಡುವ ಕ್ರಮ ಹೇಳುತ್ತೇನೆ. ನಿಮ್ಮಲ್ಲಿ ಲಾರ್ದೋಂ ಎಂದು ಬೇಕನ್ ತುಂಡುಗಳ ಪ್ಯಾಕೆಟ್ ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ, ಅಲ್ವಾ? ಅದನ್ನು ಹುರಿದು ತೆಗೆದಿಡಿ. ಹಂದಿ ಮಾಂಸ ಬೇಡದವರು ಬೆಣ್ಣೆ, ಎಣ್ಣೆಯಲ್ಲೇ ಶುರು ಮಾಡಬಹುದು. ಅದೇ ಕೊಬ್ಬಿನಲ್ಲಿ ಕೋಳಿಯನ್ನು ಚರ್ಮ ಕೆಳಗೆ ಮಾಡಿ ಕೆಂಪಗೆ ಹುರಿಯಿರಿ. ಒಂದೇ ಸಲ ತುಂಬಬೇಡಿ. ಈ ಕೆಲಸವನ್ನು ಸ್ಲೋ ಕುಕ್ಕರ್ ಮಾಡಲಾರದು. ಮಾಂಸಕ್ಕೆ ಹುರಿದ ಬಣ್ಣ, ರುಚಿ ಚೆನ್ನಾಗಿ ಬರಲು ಸುಮಾರು 140 ಡಿಗ್ರಿ ಬಿಸಿ ಬೇಕು. ಕುಕ್ಕರ್ ಹೆಚ್ಚೆಂದರೆ ಕುದಿಯುವ ಬಿಸಿಗೆ ಬರುತ್ತದೆ, ಅಷ್ಟೇ. ಕೋಳಿ ತೆಗೆದ ಮೇಲೆ ಈರುಳ್ಳಿ, ಕ್ಯಾರೆಟ್, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಚಮಚ ಟೊಮೆಟೊ ಪೇಸ್ಟ್ ಬಾಡಿಸಿ ವೈನ್ ಸುರಿಯಿರಿ. ತಳ ಹಿಡಿದದ್ದನ್ನೆಲ್ಲ ಕೆರೆದು ಬಿಡಿಸಿ. ನಿಜವಾದ ರುಚಿ ಇರುವುದು ಅದರಲ್ಲೇ. ವೈನ್ ಇಳಿದ ಮೇಲೆ 150 ಮಿಲಿ ಕೋಳಿ ಸ್ಟಾಕ್ (ಕೋಳಿ ಮೂಳೆ ಬೇಯಿಸಿ ಸೋಸಿದ ನೀರು), ಥೈಮ್ ಸೊಪ್ಪು, ಬೇ ಎಲೆ ಹಾಕಿ, ಬಿಸಿಬಿಸಿಯಾಗಿಯೇ ಕುಕ್ಕರ್‌ನಲ್ಲಿರುವ ಕೋಳಿಯ ಮೇಲೆ ಸುರಿಯಿರಿ.

ಅಣಬೆ ಮತ್ತು ಸಾಂಬಾರ್ ಈರುಳ್ಳಿಯಂಥ ಪುಟ್ಟ ಈರುಳ್ಳಿಯನ್ನು ಬೇರೆಯಾಗಿ ಬೆಣ್ಣೆಯಲ್ಲಿ ಹುರಿದು ಕೊನೆಗೆ ಸೇರಿಸಿ. ಬೇಕನ್ ಸೇರಿಸುವುದೂ ಆಗಲೇ. ಕೋಳಿ ಬೆಂದ ಮೇಲೆ ಗೊಜ್ಜನ್ನು ಬಾಣಲೆಗೆ ಸೋಸಿಕೊಳ್ಳಿ. 30 ಗ್ರಾಂ ಬೆಣ್ಣೆ, 30 ಗ್ರಾಂ ಮೈದಾ ಸೇರಿಸಿ ಬೆರಳಲ್ಲಿ ನಾದಿ, ಚೂರುಚೂರೇ ಹಾಕಿ ಕಲಕುತ್ತಾ ಎರಡು ಮೂರು ನಿಮಿಷ ಕುದಿಸಿ. ಗಂಟಾಗುವುದಿಲ್ಲ. ಉಪ್ಪು ಕೊನೆಗೆ ನೋಡಿ ಹಾಕಿ. ಇಳಿಸಿದ ಗೊಜ್ಜಲ್ಲೂ ಬೇಕನ್‌ನಲ್ಲೂ ಉಪ್ಪು ಇದ್ದೇ ಇರುತ್ತದೆ.

ವೈನ್ ದುಬಾರಿಯದು ಬೇಡ. ಲಿಯಾನ್‌ನ ಉತ್ತರಕ್ಕೇ ಬೋಜೊಲೆ ಇದೆ. ಅಲ್ಲಿನ ಗಮೇ ದ್ರಾಕ್ಷಿಯ ವೈನ್‌ನಲ್ಲಿ ಒಗರು ಕಡಿಮೆ, ಕುದಿಸಿದರೆ ಕಹಿಯಾಗುವುದಿಲ್ಲ. ಮುಂದಿನ ಸಲ ಹಿಂದಿನ ದಿನವೇ ಮಾಡಿ ಫ್ರಿಜ್‌ನಲ್ಲಿಡಿ. ನಮ್ಮ ಕರಾವಳಿಯ ಮೀನು ಸಾರಿನ ಹಾಗೆ ಇದೂ ಮರುದಿನಕ್ಕೇ ರುಚಿ.

ಪ್ರಶ್ನೆ: ಬೆಂಗಳೂರಲ್ಲಿ ಪೋರ್ಟ್ ವೈನ್ ಹಾಕಿ ಮಾಡಿದೆ. ಪಾಯಸದಷ್ಟು ಸಿಹಿ! ನಾಟಿ ಕೋಳಿಯಲ್ಲಿ ಮಾಡಬಹುದಾ?

ಉತ್ತರ: ಇಲ್ಲಿ ಅಗ್ಗಕ್ಕೆ ಸಿಗುವ ಪೋರ್ಟ್ ವೈನ್ ಸಿಹಿ ವೈನ್. ಕುದಿಸಿ ಇಳಿಸಿದರೆ ಪಾಕವೇ. ಲೇಬಲ್ ಮೇಲೆ ‘ಡ್ರೈ’ (ಸಿಹಿಯಿಲ್ಲದ್ದು) ಎಂದಿರುವುದನ್ನು ಕೊಳ್ಳಿ. ನಂದಿ ಬೆಟ್ಟದ ಸುತ್ತಿನ ಶಿರಾಜ್ ದ್ರಾಕ್ಷಿಯ ರೆಡ್ ವೈನ್ ಆಗುತ್ತದೆ. ಒಗರು ಸ್ವಲ್ಪ ಜಾಸ್ತಿ, ಅದಕ್ಕೆ ಇನ್ನೊಂದು ಕ್ಯಾರೆಟ್ ಹಾಕಿ.

ನಾಟಿ ಕೋಳಿ ಕೇಳಿದಿರಲ್ಲ, ನನಗೆ ಖುಷಿಯಾಯ್ತು. ಈ ಅಡುಗೆ ಹುಟ್ಟಿದ್ದೇ ಅಂಥ ಕೋಳಿಗೆ. ಬಲಿತ ಹುಂಜವಾದರೆ ‘ಲೋ’ದಲ್ಲಿ 7–8 ಗಂಟೆ ಬೇಕು. ಏಳನೇ ಗಂಟೆಗೆ ತೊಡೆಗೆ ಚಾಕು ಚುಚ್ಚಿ ನೋಡಿ. ಒಂದು ಮಾತು: ಅಂಗಡಿಯವರು ಅಭ್ಯಾಸಬಲದಿಂದ ಅರಿಶಿನ ಹಚ್ಚಿ ಸುಟ್ಟು ಕೊಡುತ್ತಾರೆ. ಅರಿಶಿನ ಬೇಡ ಎಂದು ಮೊದಲೇ ಹೇಳಿ, ಇಲ್ಲದಿದ್ದರೆ ವೈನ್ ಗೊಜ್ಜಿನಲ್ಲಿ ಅದರದೇ ವಾಸನೆ. ಫ್ರೀಜರ್‌ನಿಂದ ತೆಗೆದ ಕೋಳಿಯನ್ನು ಹಾಗೇ ಹಾಕಬೇಡಿ. ಕುಕ್ಕರ್ ನಿಧಾನಕ್ಕೆ ಬಿಸಿಯಾಗುವುದರಿಂದ ಅದು ತುಂಬಾ ಹೊತ್ತು ಉಗುರುಬೆಚ್ಚಗೇ ಉಳಿದು ಕೆಡುತ್ತದೆ.

ಪ್ರಶ್ನೆ: ಮಕ್ಕಳಿಗೆ ಕೊಡಬಹುದಾ? ಕುದಿಸಿದರೆ ಮದ್ಯ ಪೂರ್ತಿ ಹೋಗುತ್ತದಲ್ಲ?

ಉತ್ತರ: ಪೂರ್ತಿ ಹೋಗುವುದಿಲ್ಲ. ಎರಡೂವರೆ ಗಂಟೆ ಕುದಿಸಿದರೂ ಹಾಕಿದ ಮದ್ಯದಲ್ಲಿ ಸುಮಾರು 5% ಉಳಿಯುತ್ತದೆ ಎಂಬುದು ಅಮೆರಿಕದ ಕೃಷಿ ಇಲಾಖೆಯ ಲೆಕ್ಕ. ಮುಚ್ಚಿದ ಕುಕ್ಕರ್‌ನಲ್ಲಿ ಅದಕ್ಕಿಂತ ಜಾಸ್ತಿ ಉಳಿಯಬಹುದು. ನಾನಾದರೆ ಮಕ್ಕಳಿಗೆ ಕೊಡುವುದಿಲ್ಲ. ಮನೆಯಲ್ಲಿ ಮದ್ಯವೇ ಬೇಡ ಎನ್ನುವವರು ವೈನ್ ಬದಲು ದ್ರಾಕ್ಷಿ ರಸ ಹಾಕಲು ಹೋಗಬೇಡಿ, ಪೋರ್ಟ್ ವೈನ್ ಕಥೆಯೇ ಆಗುತ್ತದೆ. ಅದೇ ಕ್ರಮದಲ್ಲಿ ಸ್ಟಾಕ್ ಮತ್ತು ಅಣಬೆ ಹಾಕಿ ಮಾಡಿ, ಕೊನೆಗೆ ಒಂದು ಚಮಚ ಡಿಜಾನ್ ಸಾಸಿವೆ (ಫ್ರಾನ್ಸ್‌ನ ಸಾಸಿವೆ ಪೇಸ್ಟ್), ಸ್ವಲ್ಪ ಕ್ರೀಮ್ ಸೇರಿಸಿ. ಅದು ಬೇರೆಯೇ ಅಡುಗೆ, ಆದರೆ ಒಳ್ಳೆಯ ಅಡುಗೆ. ಸಾಸಿವೆ ಬಾಟಲಿಯ ಲೇಬಲ್ ಓದಿಕೊಳ್ಳಿ, ಕೆಲವದರಲ್ಲಿ ಬಿಳಿ ವೈನ್ ಇರುತ್ತದೆ.