"ಊರವರೆಲ್ಲ ಒಳ್ಳೆಯವರೇ ಮೇಡಂ, ನನಗೇ ಆಗ್ತಿಲ್ಲ"

ಆಪ್ತಸಲಹೆಗಾಗಿ ನನ್ನ ಬಳಿ ಬಂದ ಈಕೆಯನ್ನು ಸುಮಾ ಎಂದು ಕರೆಯುತ್ತೇನೆ. ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ. ವಯಸ್ಸು 34, ದಾವಣಗೆರೆ ಕಡೆಯವರು, ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸದಲ್ಲಿದ್ದವರು. ಪತಿ ಅಮೆರಿಕದ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುವ ಸಾಫ್ಟ್‌ವೇರ್ ಎಂಜಿನಿಯರ್. ಹೊರದೇಶದ ಕಂಪನಿಗೆ ದೂರದಿಂದಲೇ ಕೆಲಸ ಮಾಡುವವರಿಗೆ ಸ್ಪೇನ್ 2023ರಿಂದ ಕೊಡುತ್ತಿರುವ ಡಿಜಿಟಲ್ ನೊಮ್ಯಾಡ್ ವೀಸಾದಲ್ಲಿ ಮೊದಲು ವೆಲೆನ್ಸಿಯಾ ನಗರಕ್ಕೆ ಹೋದರು. ಬಾಡಿಗೆ ಕೈಗೆಟುಕದೆ ಮರುವರ್ಷ ತೆರುಯೆಲ್ ಪ್ರಾಂತ್ಯದ ಒಂದು ಹಳ್ಳಿ ಸೇರಿದರು. ಆರು ವರ್ಷದ ಮಗಳಿದ್ದಾಳೆ.

ತೆರುಯೆಲ್‌ನಲ್ಲಿ ಚದರ ಕಿಲೋಮೀಟರಿಗೆ ಸುಮಾರು ಒಂಬತ್ತು ಜನ. ನಮ್ಮನ್ನು ಎಲ್ಲರೂ ಮರೆತಿದ್ದಾರೆ ಎಂದು ಅಲ್ಲಿಯವರು 'ತೆರುಯೆಲ್ ಎಕ್ಸಿಸ್ತೆ' (ತೆರುಯೆಲ್ ಕೂಡ ಇದೆ) ಎಂಬ ಚಳವಳಿ ಕಟ್ಟಿ, 2019ರಲ್ಲಿ ಸಂಸತ್ತಿಗೂ ಗೆದ್ದು ಹೋದರು. ಸುಮಾ ಇರುವ ಊರು ಆಗಸ್ಟಿನ ಹಬ್ಬಕ್ಕೆ ಮಕ್ಕಳು ಮೊಮ್ಮಕ್ಕಳೆಲ್ಲ ಬಂದು ತುಂಬುತ್ತದೆ, ಚಳಿಗಾಲಕ್ಕೆ ನೂರು ಜನವೂ ಇರುವುದಿಲ್ಲ. ಶಾಲೆಯಲ್ಲಿ ಐದೇ ಮಕ್ಕಳು. ಪಂಚಾಯ್ತಿಯವರು ಇವರಿಗೆ ಕಡಿಮೆ ಬಾಡಿಗೆಗೆ ಮನೆ ಕೊಟ್ಟದ್ದೇ ಒಂದು ಮಗು ಹೆಚ್ಚಾದರೆ ಶಾಲೆ ಉಳಿದೀತು ಎಂಬ ಆಸೆಯಿಂದ.

ಆಕೆ ನನಗೆ ವಿಡಿಯೊ ಕರೆ ಮಾಡಿದ್ದು ಜನವರಿಯಲ್ಲಿ. ಬೆಳಗಿನ ಜಾವ ಮೂರಕ್ಕೆ ಎಚ್ಚರ, ಊಟ ಸೇರದು, ಕಾರಣವಿಲ್ಲದೆ ಅಳು. ಊರವರ ಮೇಲೆ ದೂರೇನೂ ಇರಲಿಲ್ಲ. "ಎಲ್ಲರೂ ಒಳ್ಳೆಯವರೇ ಮೇಡಂ, ನನಗೇ ಆಗ್ತಿಲ್ಲ. ನಾವು ಬಿಟ್ಟು ಹೋದ್ರೆ ಶಾಲೆ ಮುಚ್ಚಿದ ಪಾಪ ನಮಗೆ ಬರುತ್ತೆ."

ಮೊದಲು ಎರಡು ಪ್ರಶ್ನೆ ನೇರವಾಗಿಯೇ ಕೇಳಿದೆ. ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯೇ? ಮನೆಯಲ್ಲಿ ಹೊಡೆತ, ಬೆದರಿಕೆ ಇದೆಯೇ? ಗಂಡನ ವೀಸಾದ ಮೇಲೆ ಹೊರದೇಶಕ್ಕೆ ಹೋದ ಹೆಣ್ಣುಮಗಳಿಗೆ ಇವನ್ನು ಕೇಳದೆ ನಾನು ಮುಂದೆ ಹೋಗುವುದಿಲ್ಲ. ಎರಡಕ್ಕೂ ಇಲ್ಲ ಎಂದರು. ಆದರೂ ಸ್ಪೇನಿನ ಸಹಾಯವಾಣಿಗಳನ್ನು ಬರೆಸಿದೆ: ಆತ್ಮಹತ್ಯೆಯ ಯೋಚನೆಗೆ 024, ಹೆಣ್ಣಿನ ಮೇಲಿನ ದೌರ್ಜನ್ಯಕ್ಕೆ 016.

ಆಮೇಲೆ ಆಕೆಯ ಒಂದು ದಿನವನ್ನು ಹೇಳಿಸಿದೆ. ಊರಿನಲ್ಲಿ ಅಂಗಡಿಯಿಲ್ಲ. ಬೆಳಿಗ್ಗೆ ಬ್ರೆಡ್ಡಿನ ವ್ಯಾನ್ ಬಂದು ಚೌಕದಲ್ಲಿ ಹಾರ್ನ್ ಹೊಡೆಯುತ್ತದೆ. ಹೆಂಗಸರು ಬಟ್ಟೆಚೀಲ ಹಿಡಿದು, ಮನೆಯ ಚಪ್ಪಲಿಯಲ್ಲೇ ಬಂದು, ಬ್ರೆಡ್ ತಗೊಂಡ ಮೇಲೂ ಅರ್ಧ ಗಂಟೆ ಅಲ್ಲೇ ನಿಂತು ಮಾತಾಡುತ್ತಾರೆ. ಸುಮಾ ಅದನ್ನು ಕಿಟಕಿಯ ರೋಲಿಂಗ್ ಪರದೆಯ ಸಂದಿಯಿಂದ ನೋಡುತ್ತಾರೆ. ಒಮ್ಮೆ ಹೋಗಿದ್ದಾಗ ಎಲ್ಲಿಂದ ಬಂದೆ, ಅಪ್ಪ ಅಮ್ಮ ಇದ್ದಾರಾ, ಇನ್ನೊಂದು ಮಗು ಯಾವಾಗ ಎಂದು ಮುತ್ತಿಕೊಂಡರಂತೆ. ಅರ್ಧ ಅರ್ಥವಾಗಿ, ಉತ್ತರಿಸಲಾಗದೆ ಓಡಿ ಬಂದರಂತೆ. ಪತಿಯ ಪಾಳಿ ಮಧ್ಯಾಹ್ನ ಮೂರರಿಂದ ರಾತ್ರಿ ಹನ್ನೊಂದು. ಊಟದ ನಂತರದ ವಿರಾಮ ಮುಗಿದು ಊರು ಮತ್ತೆ ಬೀದಿಗೆ ಬರುವ ಸಂಜೆಯಲ್ಲೇ ಅವರ ಕೋಣೆಯ ಬಾಗಿಲು ಮುಚ್ಚಿರುತ್ತದೆ.

"ವರ್ಷವಾಯ್ತು, ಒಬ್ಬರೂ ಮನೆಗೆ ಕರೆದಿಲ್ಲ" ಎಂಬ ನೋವೂ ಇತ್ತು. ಸ್ಪೇನಿನ ಹಳ್ಳಿಯಲ್ಲಿ ಜನ ಸೇರುವುದು ಬಾರಿನಲ್ಲಿ, ಚೌಕದಲ್ಲಿ. ಮನೆಯೊಳಗೆ ಕರೆಯುವುದು ತೀರಾ ಹತ್ತಿರದವರನ್ನು. ಅಲ್ಲಿನ ಬಾರ್ ನಮ್ಮ ಹಳ್ಳಿಯ ಅರಳಿಕಟ್ಟೆಯಿದ್ದಂತೆ: ಮುದುಕರು, ಮಕ್ಕಳು, ಹೆಂಗಸರು ಎಲ್ಲರೂ ಕೂರುವ ಜಾಗ, ಕುಡಿಯಲೇಬೇಕೆಂದಿಲ್ಲ. 'ಬಾರ್' ಎಂದೊಡನೆ ಸುಮಾ ಹಿಂಜರಿದಿದ್ದು ಸಹಜ. ಬೇಳೆಯ ಸಾರಿನಲ್ಲೂ ಹಂದಿಮಾಂಸದ ತುಂಡಿರುವ ಸೀಮೆ, ಆಕೆ ಮೊಟ್ಟೆಯನ್ನೂ ತಿನ್ನದವರು. ಕಾಫಿ, ಆಲಿವ್, ಟೊಮೆಟೊ ಉಜ್ಜಿದ ಬ್ರೆಡ್ ಸಾಕು, ಭಾನುವಾರ ಮಧ್ಯಾಹ್ನ ಮಗಳೊಂದಿಗೆ ಅರ್ಧ ಗಂಟೆ ಕೂತು ಬನ್ನಿ, ಒಳಗೆ ಹೋಗುವಾಗ ಎಲ್ಲರಿಗೂ ಕೇಳುವಂತೆ ನಮಸ್ಕಾರ ಹೇಳಿ ಎಂದೆ. ಅಲ್ಲಿ ಮಾತಾಡದಿದ್ದರೂ ನಡೆಯುತ್ತದೆ, ನಮಸ್ಕಾರ ಹೇಳದಿದ್ದರೆ ಅವರಿಗೆ ನೋವಾಗುತ್ತದೆ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಆಕೆಗೆ ಆ ಊರು ಬಿಟ್ಟು ಒಬ್ಬರೇ ಹೊರಗೆ ಹೋಗುವ ದಾರಿಯೇ ಇರಲಿಲ್ಲ. ಬಸ್ಸು ವಾರಕ್ಕೆ ಕೆಲವೇ ದಿನ. ನಮ್ಮ ಡ್ರೈವಿಂಗ್ ಲೈಸೆನ್ಸ್ ಅಲ್ಲಿ ವಾಸ ಶುರುವಾದ ಆರು ತಿಂಗಳವರೆಗೆ ಮಾತ್ರ ನಡೆಯುತ್ತದೆ. ಭಾರತದೊಂದಿಗೆ ಅದಲುಬದಲಿನ ಒಪ್ಪಂದವಿಲ್ಲ, ಹೊಸದಾಗಿ ಪರೀಕ್ಷೆ ಬರೆಯಬೇಕು. ಇರಬೇಕೋ ಬಿಡಬೇಕೋ ಎಂದು ಆಕೆ ನನ್ನನ್ನೇ ಕೇಳುತ್ತಿದ್ದರು. ಸ್ವಂತವಾಗಿ ಊರು ದಾಟಲಾಗದ ಸ್ಥಿತಿಯಲ್ಲಿ ಆ ತೀರ್ಮಾನ ಬೇಡ, ಮೊದಲು ಲೈಸೆನ್ಸ್ ಎಂದೆ. ಮೂವತ್ತು ಪ್ರಶ್ನೆ, ಮೂರು ತಪ್ಪಿಗೆ ಅವಕಾಶ. ಆ ಪರೀಕ್ಷೆಯನ್ನು ಇಂಗ್ಲಿಷಿನಲ್ಲೂ ಬರೆಯಬಹುದು.

ಪತಿಯೊಂದಿಗೂ ಮಾತಾಡಿದೆ. "ನಾನೇನು ಇವಳನ್ನ ಕಟ್ಟಿಹಾಕಿದೀನಾ ಮೇಡಂ?" ಎಂದರು. ಈ ವರ್ಷ ಆಕೆ ಒಬ್ಬರೇ ಯಾವಾಗ ತೆರುಯೆಲ್ ಪೇಟೆಗೆ ಹೋಗಿದ್ದರು ಎಂದು ಕೇಳಿದೆ. ಅವರಿಗೆ ನೆನಪಾಗಲಿಲ್ಲ. ಕೆಟ್ಟ ಮನುಷ್ಯರಲ್ಲ, ಯೋಚಿಸಿರಲಿಲ್ಲ ಅಷ್ಟೆ. ವಾರಕ್ಕೆ ಎರಡು ಬೆಳಿಗ್ಗೆ ಆಕೆಯನ್ನು ಡ್ರೈವಿಂಗ್ ಶಾಲೆಗೆ ಬಿಡಲು, ಸಂಜೆ ಎಂಟಕ್ಕೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಜೊತೆಯಲ್ಲಿ ಹೊರಗೆ ನಡೆಯಲು ಒಪ್ಪಿದರು. ತನಗೆ ಕೆಲಸ ಮಾಡುವ ಹಕ್ಕೇ ಇಲ್ಲ ಎಂದು ಸುಮಾ ತಿಳಿದಿದ್ದರು. ಈ ವೀಸಾದಲ್ಲಿ ಸಂಗಾತಿಗೂ ದುಡಿಯುವ ಅನುಮತಿ ಇರುತ್ತದೆ. ಕಾಗದಪತ್ರ ನೋಡಿಕೊಳ್ಳುವ ಅಲ್ಲಿನ 'ಹೆಸ್ತೋರಿಯಾ' ಕಚೇರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳಲು ಹೇಳಿದೆ.

ಊರಿಗೆ ನಿಗದಿತ ದಿನ ಬರುವ ವೈದ್ಯರ ಬಳಿ ಥೈರಾಯ್ಡ್, ವಿಟಮಿನ್ ಡಿ, ಬಿ12 ಪರೀಕ್ಷೆ ಮಾಡಿಸಿ ಎಂದೂ ಒತ್ತಾಯಿಸಿದೆ. ಸಸ್ಯಾಹಾರಿ, ಚಳಿಗೆ ತಿಂಗಳುಗಟ್ಟಲೆ ಒಳಗೇ ಕೂತವರು. ಇವುಗಳ ಕೊರತೆಯೂ ಖಿನ್ನತೆಯಂತೆಯೇ ಕಾಣಬಲ್ಲದು. ಬಿ12 ತೀರಾ ಕಡಿಮೆಯಿತ್ತು. ಚುಚ್ಚುಮದ್ದು ಶುರುವಾದ ಮೇಲೆ ನಿದ್ದೆ ಸ್ವಲ್ಪ ಸುಧಾರಿಸಿತು.

ಶಾಲೆಯ ಪಾಪದ ಮಾತಿಗೆ ಹೆಚ್ಚು ಸಮಯ ಬೇಕಾಯಿತು. ಹತ್ತಾರು ವರ್ಷಗಳಿಂದ ಯುವಕರು ಕೆಲಸ ಹುಡುಕಿ ಜರಗೋಜಾಗೆ, ವೆಲೆನ್ಸಿಯಾಗೆ ಹೋಗಿ ಬರಿದಾದ ಊರು ಅದು. ಆ ನಷ್ಟವನ್ನು ಒಂದು ಆರು ವರ್ಷದ ಮಗುವಿನ ಹಾಜರಿ ತುಂಬಬೇಕೆನ್ನುವುದು ನ್ಯಾಯವಲ್ಲ. ಮೇಯರಮ್ಮನ ಹತ್ತಿರ ನೀವೇ ಹೋಗಿ ಕಷ್ಟ ಹೇಳಿಕೊಳ್ಳಿ ಎಂದೆ. ಬಾಯಿಪಾಠ ಮಾಡಿಕೊಂಡು ಹೋದರು. ಆ ಹೆಂಗಸು ಗದರಲಿಲ್ಲ. ತನ್ನ ಇಬ್ಬರು ಮಕ್ಕಳೂ ಬಾರ್ಸಿಲೋನಾದಲ್ಲಿದ್ದಾರೆ ಎಂದರು. ಹೋಗುವುದಾದರೆ ಜೂನ್‌ವರೆಗೆ, ಶಾಲೆಯ ವರ್ಷ ಮುಗಿಯುವ ತನಕ ಇರಲಾದೀತೇ ಎಂದು ಕೇಳಿದರು.

ಸುಮಾ ಲೈಸೆನ್ಸಿನ ರಸ್ತೆ ಪರೀಕ್ಷೆಯನ್ನು ಎರಡನೇ ಸಲಕ್ಕೆ ಪಾಸು ಮಾಡಿದರು. ಜೂನ್‌ವರೆಗೆ ಹಳ್ಳಿಯಲ್ಲಿ, ಆಮೇಲೆ ತೆರುಯೆಲ್ ಪೇಟೆಯಲ್ಲಿ ಎಂದು ಗಂಡ ಹೆಂಡತಿ ಒಪ್ಪಿಕೊಂಡಿದ್ದಾರೆ. ಆಗಸ್ಟಿನ ಹಬ್ಬಕ್ಕೆ ಹಳ್ಳಿಗೇ ಬರಬೇಕೆಂದು ಮಗಳ ಹಟ. ತಿಂಗಳಿಗೊಮ್ಮೆ ನಮ್ಮ ಮಾತು ಮುಂದುವರಿದಿದೆ.