ಸ್ಪ್ರಿಂಗ್ ಏರ್ ರೈಫಲ್‌ನಲ್ಲಿ ಗುರಿ ಕೂಡುತ್ತಿಲ್ಲ, ಸ್ಕೋಪ್ ಹಾಕಿಸಬೇಕಾ?

ಬನಶಂಕರಿ ಜಾತ್ರೆಯಲ್ಲಿ ಬಲೂನ್ ಹೊಡೆದು ರುಚಿ ಹತ್ತಿತು, ಊರಿಗೆ ಬಂದು ಸ್ಪ್ರಿಂಗ್ ಏರ್ ರೈಫಲ್ ತಗೊಂಡೆ, ಆದರೆ 10 ಮೀಟರ್ ದೂರದ ಹಾಳೆ ಮೇಲೆ ಪೆಲೆಟ್ (ಸೀಸದ ಸಣ್ಣ ಗುಂಡು) ಎಲ್ಲೆಂದರಲ್ಲಿ ಬೀಳುತ್ತಿವೆ, ಬೇಜಾರಾಗಿದೆ, ಸ್ಕೋಪ್ (ಗುರಿ ನೋಡುವ ದುರ್ಬೀನು) ಹಾಕಿಸಲಾ ಅಂತ ಕೇಳಿದ್ದೀರಿ. ನಾನು ವಿಜಯಪುರದವನು. ನಳಿಗೆ ಮಡಚಿ ಪೆಲೆಟ್ ತುಂಬುವ ಇದೇ ತರಹದ ರೈಫಲ್‌ನಲ್ಲಿ ವರ್ಷಗಳಿಂದ ಹೊಡೆಯುತ್ತಿದ್ದೇನೆ. ಸದ್ಯಕ್ಕೆ ಸ್ಕೋಪ್ ಬೇಡ. ಆ ದುಡ್ಡಲ್ಲಿ ಒಳ್ಳೆ ಪೆಲೆಟ್ ತಗೊಳ್ಳಿ.

ಮೊದಲು ಒಂದು ಸ್ಕ್ರೂಡ್ರೈವರ್ ಹಿಡಿದು ಕೂಡಿ. ಕಟ್ಟಿಗೆ ಹಿಡಿಯನ್ನು ಕಬ್ಬಿಣಕ್ಕೆ ಬಿಗಿದಿರುವ ಸ್ಕ್ರೂಗಳು ಸ್ಪ್ರಿಂಗ್‌ನ ಹೊಡೆತಕ್ಕೆ ತಾವಾಗಿಯೇ ಸಡಿಲ ಆಗುತ್ತವೆ. ಹಿಂದಿನ ಸೈಟ್, ಅಂದರೆ ಗುರಿ ನೋಡುವ ಕಿಂಡಿ ಕೂಡ ಅಲ್ಲಾಡುತ್ತಿದೆಯಾ ನೋಡಿ. ಹೊಸ ರೈಫಲ್ ಚೆಲ್ಲಾಪಿಲ್ಲಿ ಹೊಡೆಯೋದಕ್ಕೆ ಎಷ್ಟೋ ಸಲ ಕಾರಣ ಇಷ್ಟೇ.

ಇನ್ನು ಹಿಡಿತ. ಇದೇ ಮುಖ್ಯ. ನೀವು ರೈಫಲ್ಲನ್ನು ಗಟ್ಟಿಯಾಗಿ ಅಮುಕಿ ಹಿಡಿಯುತ್ತಿದ್ದೀರಿ ಅಂತ ನನ್ನ ಅಂದಾಜು, ಬಲೂನ್ ಅಂಗಡಿಯಲ್ಲಿ ಎಲ್ಲರೂ ಹಂಗೇ ಹಿಡಿಯೋದು. ಸ್ಪ್ರಿಂಗ್ ರೈಫಲ್ ಒಳಗೆ ಏನಾಗುತ್ತದೆ ನೋಡಿ: ಟ್ರಿಗರ್ ಎಳೆದ ಕೂಡಲೇ ಸ್ಪ್ರಿಂಗ್ ತಳ್ಳಿ, ಗಾಳಿ ಒತ್ತುವ ಭಾರದ ಪಿಸ್ಟನ್ ಮುಂದೆ ನುಗ್ಗುತ್ತದೆ, ರೈಫಲ್ ಹಿಂದೆ ಸರಿಯುತ್ತದೆ. ಪಿಸ್ಟನ್ ಹೋಗಿ ತಡೆದು ನಿಂತಾಗ ರೈಫಲ್ ಮತ್ತೆ ಮುಂದೆ ಜಿಗಿಯುತ್ತದೆ. ಪೆಲೆಟ್ ಇನ್ನೂ ನಳಿಗೆ ಒಳಗೆ ಇರುವಾಗಲೇ ಈ ಅಲುಗಾಟ ಶುರುವಾಗಿರುತ್ತದೆ. ಅದನ್ನು ತಡೆಯೋಕೆ ನಮ್ಮಿಂದ ಆಗಲ್ಲ. ಪ್ರತಿ ಸಲ ಒಂದೇ ರೀತಿ ಅಲುಗಾಡಲಿ ಅಂತ ಬಿಡಬಹುದು, ಅಷ್ಟೇ.

ಎಡ ಅಂಗೈಯನ್ನು ಬಿಚ್ಚಿ, ಅದರ ಮೇಲೆ ರೈಫಲ್ ಸುಮ್ನೆ ಕೂರಲಿ. ಬೆರಳು ಸುತ್ತಬೇಡಿ. ಬಲಗೈ ಹಗುರ, ಹೆಗಲಿಗೂ ಹಗುರ, ಕೆನ್ನೆ ಮುಟ್ಟಿದರೆ ಸಾಕು. ಟೇಬಲ್ ಅಥವಾ ಇಟ್ಟಿಗೆ ಮೇಲೆ ನಳಿಗೆಯನ್ನು ನೇರ ಇಟ್ಟು ಹೊಡೆಯಬೇಡಿ, ಗಟ್ಟಿ ಜಾಗದಿಂದ ಅದು ಪುಟಿದು ಪೆಲೆಟ್ ಬೇರೆ ಕಡೆ ಹೋಗುತ್ತದೆ. ಮರಳಿನ ಚೀಲ ಇದ್ದರೆ ಅದರ ಮೇಲೆ ನಿಮ್ಮ ಕೈ, ಕೈ ಮೇಲೆ ರೈಫಲ್. ಅಂಗೈ ಒಂದೆರಡು ಇಂಚು ಮುಂದೆ ಹಿಂದೆ ಸರಿದರೂ ಫಲಿತಾಂಶ ಬದಲಾಗುತ್ತದೆ. ಚೆನ್ನಾಗಿ ಕೂಡಿದ ಜಾಗ ಸಿಕ್ಕಾಗ ಅಲ್ಲಿ ಸಣ್ಣ ಟೇಪ್ ತುಂಡು ಅಂಟಿಸಿ.

ಎರಡನೆಯ ಮಾತು: ಸ್ವಲ್ಪ ದಿನ ನಡುವಿನ ಚುಕ್ಕೆಯನ್ನು ಮರೆತುಬಿಡಿ. ಒಂದೊಂದು ಏಟಿಗೂ ಸೈಟ್ ತಿರುಗಿಸಿದರೆ ಎಂದಿಗೂ ದಾರಿಗೆ ಬರಲ್ಲ. ಐದು ಪೆಲೆಟ್ ಒಂದೇ ಕಡೆ ಗುರಿಯಿಟ್ಟು ಹೊಡೆಯಿರಿ, ಆಮೇಲೆ ಹಾಳೆ ಹತ್ತಿರ ಹೋಗಿ. ಐದೂ ತೂತು ಎಡಗಡೆ ಮೇಲೆ ಬಿದ್ದಿವೆ, ಆದರೆ ಒಂದು ರೂಪಾಯಿ ನಾಣ್ಯ ಇಟ್ಟರೆ ಎಲ್ಲವೂ ಮುಚ್ಚುತ್ತವೆ ಅಂದರೆ, ನೀವು ಚೆನ್ನಾಗಿ ಹೊಡೆದಿದ್ದೀರಿ. ಸೈಟ್ ಅನ್ನು ಒಂದೆರಡು ಕ್ಲಿಕ್ ಸರಿಸಿದರೆ ಆ ಗುಂಪು ನಡುವಿಗೆ ಬರುತ್ತದೆ. ಒಂದು ನಡುವೆ, ಒಂದು ಮೂಲೆಗೆ, ಒಂದು ಹಾಳೆ ಹೊರಗೆ ಅಂದರೆ ಸೈಟ್‌ಗೆ ಕೈ ಹಚ್ಚಬೇಡಿ, ತಪ್ಪು ಹಿಡಿತದಲ್ಲಿದೆ ಅಥವಾ ಪೆಲೆಟ್‌ನಲ್ಲಿದೆ. ಹಾಳೆ ಮೇಲೆ ತಾರೀಖು ಬರೆದು ಇಟ್ಟುಕೊಳ್ಳಿ. ಗುಂಪು ವಾರ ವಾರಕ್ಕೂ ಸಣ್ಣದಾಗೋದನ್ನು ನೋಡುವ ಖುಷಿ ಇದೆಯಲ್ಲ, ಬೇಜಾರು ಅದರಲ್ಲೇ ಹೋಗುತ್ತದೆ.

ಕಣ್ಣಿನ ದೃಷ್ಟಿ ಮುಂದಿನ ಸೈಟ್, ಅಂದರೆ ನಳಿಗೆ ತುದಿಯ ಗುರಿ ಮೊನೆ ಮೇಲಿರಲಿ. ಹಾಳೆ ಸ್ವಲ್ಪ ಮಸುಕಾಗಿ ಕಾಣಬೇಕು, ಹಂಗೆ ಕಂಡರೇ ಸರಿ. ನಿಂತು ಗುರಿಯಿಟ್ಟ ಮೇಲೆ ಕಣ್ಣು ಮುಚ್ಚಿ ಒಂದು ಉಸಿರು ತಗೊಳ್ಳಿ, ಕಣ್ಣು ತೆರೆಯಿರಿ. ಸೈಟ್ ಪಕ್ಕಕ್ಕೆ ಸರಿದಿದ್ದರೆ ಕೈಯಿಂದ ಎಳೆದು ತರಬೇಡಿ, ಪಾದ ಸರಿಸಿ. ಉಸಿರು ಅರ್ಧ ಬಿಟ್ಟು ತಡೆಯಿರಿ. ಎಂಟು ಹತ್ತು ಸೆಕೆಂಡಿನಲ್ಲಿ ಏಟು ಬೀಳದಿದ್ದರೆ ರೈಫಲ್ ಇಳಿಸಿ, ಮತ್ತೆ ಶುರು ಮಾಡಿ. ಬಿಗಿಹಿಡಿದು ಹೊಡೆದ ಏಟು ಹಾಳಾಗೋದೇ ಜಾಸ್ತಿ. ಟ್ರಿಗರ್ ಎಳೆದ ಮೇಲೂ ತಲೆ ಎತ್ತಬೇಡಿ, ಒಂದು ಕ್ಷಣ ಸೈಟ್ ನೋಡುತ್ತಲೇ ಇರಿ.

ಪೆಲೆಟ್ ವಿಷಯದಲ್ಲಿ ಜಿಪುಣತನ ಬೇಡ. 10 ಮೀಟರ್‌ಗೆ ಚಪ್ಪಟೆ ತಲೆಯದು ಸಾಕು, ಹಾಳೆಯಲ್ಲಿ ದುಂಡನೆ ತೂತು ಬೀಳುತ್ತದೆ. 20 ಮೀಟರ್ ದಾಟಿದರೆ ಗುಂಡು ತಲೆಯದು ಒಳ್ಳೆಯದು. ಎರಡು ಮೂರು ಕಂಪನಿಯದು ತಂದು ಪರೀಕ್ಷೆ ಮಾಡಿ, ಒಂದೊಂದು ನಳಿಗೆಗೆ ಒಂದೊಂದು ಒಗ್ಗುತ್ತದೆ. ತುಂಬುವ ಮುಂಚೆ ಹಿಂದಿನ ಅಂಚು ನೆಗ್ಗಿದೆಯಾ ನೋಡಿ, ನೆಗ್ಗಿದ್ದನ್ನು ಪಕ್ಕಕ್ಕಿಡಿ. ಪೆಲೆಟ್ ಅಂದರೆ ಸೀಸ. ಬಾಯಲ್ಲಿ ಇಟ್ಟುಕೊಳ್ಳಬೇಡಿ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದೇ ಊಟಕ್ಕೆ ಕೂಡಿ. ಪೆಲೆಟ್ ಇಲ್ಲದೆ ಖಾಲಿ ಹೊಡೆಯಬೇಡಿ, ಪಿಸ್ಟನ್ ಹಾಳಾಗುತ್ತದೆ. ಪೆಲೆಟ್ ತುಂಬುವಾಗ ಮಡಚಿದ ನಳಿಗೆಯನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದೇ ಇರಿ, ಅದು ಸಿಡಿದು ಮುಚ್ಚಿಕೊಂಡರೆ ಬೆರಳಿಗೆ ಅಪಾಯ.

ನಮ್ಮ ಕಡೆ ಬ್ಯಾಸಿಗಿಯಲ್ಲಿ ಬೆಳಿಗ್ಗೆ ಹೊತ್ತೇ ಹೊಡೆಯಿರಿ. ಬಿಸಿಲೇರಿದ ಮೇಲೆ ಬೆವರಿಗೆ ಕೆನ್ನೆ ಜಾರುತ್ತದೆ, ಗಾಳಿಯೂ ಏಳುತ್ತದೆ. ಹಗುರ ಪೆಲೆಟ್ಟನ್ನು ಗಾಳಿ ಸುಲಭವಾಗಿ ತಳ್ಳುತ್ತದೆ.

ಹಾಳೆ ಸಾಕಾದಾಗ ಸೀಮೆಸುಣ್ಣದ ತುಂಡುಗಳನ್ನು ಸಾಲಾಗಿ ನಿಲ್ಲಿಸಿ. ಬಡಿದ ಕೂಡಲೇ ಪುಡಿ ಹಾರುತ್ತದೆ, ಬಡಿತೋ ಇಲ್ಲವೋ ಅಂತ ನಡೆದುಹೋಗಿ ನೋಡುವ ಕೆಲಸವೇ ಇಲ್ಲ. ಗೆಳೆಯ ಸಿಕ್ಕರೆ ಇಬ್ಬರಿಗೂ ಐದೈದು ಪೆಲೆಟ್, ಸೋತವನು ಚಹಾ ಕುಡಿಸಬೇಕು. ಒಲಿಂಪಿಕ್ಸ್ ಹಾಳೆಯನ್ನೂ ಒಮ್ಮೆ ಹಚ್ಚಿ ನೋಡಿ. ಅದರ ನಡುವಿನ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ 10 ಮೀಟರ್ ಏರ್ ರೈಫಲ್‌ನಲ್ಲಿ, ನಿಂತುಕೊಂಡು. ಆ ಚುಕ್ಕೆ ನೋಡಿದ ಮೇಲೆ ಅವರ ಮೇಲಿನ ಗೌರವ ಹೆಚ್ಚಾಗುತ್ತದೆ.

ಹಿತ್ತಲಲ್ಲಿ ಹೊಡೆಯುವುದಾದರೆ ಹಾಳೆ ಹಿಂದೆ ಮರಳು ತುಂಬಿದ ಪೆಟ್ಟಿಗೆ ಇರಲಿ. ಗೋಡೆ, ತಗಡು, ಕಲ್ಲು ಬೇಡ, ಪೆಲೆಟ್ ತಿರುಗಿ ಬರುತ್ತದೆ. ಕಣ್ಣಿಗೆ ಕನ್ನಡಕ ಇರಲೇಬೇಕು, ಪಕ್ಕದಲ್ಲಿ ನಿಂತವರಿಗೂ. ಬಿಲ್ ಜೋಪಾನವಾಗಿಡಿ, ರೈಫಲ್ಲನ್ನು ಚೀಲದಲ್ಲೇ ಒಯ್ಯಿರಿ. ಗುಬ್ಬಿ, ಪಾರಿವಾಳ, ಅಳಿಲು, ನಾಯಿ ಕಡೆ ನಳಿಗೆ ತಿರುಗಿಸಲೇಬೇಡಿ. ಕಾನೂನಿನ ಮಾತು ಹಾಗಿರಲಿ, ಜೀವ ತೆಗೆಯೋದರಲ್ಲಿ ಈ ಆಟದ ಖುಷಿ ಇಲ್ಲವೇ ಇಲ್ಲ.

ಐದು ತೂತು ನಾಣ್ಯದ ಕೆಳಗೆ ಮತ್ತೆ ಮತ್ತೆ ಬರತೊಡಗಿದ ಮೇಲೆ ಸ್ಕೋಪ್ ಬೇಕು ಅನಿಸಿದರೆ ತಗೊಳ್ಳಿ. ಆದರೆ ಸ್ಪ್ರಿಂಗ್ ರೈಫಲ್‌ಗೆ ತಡೆಯುವಂಥದ್ದಾ ಅಂತ ಅಂಗಡಿಯಲ್ಲಿ ಕೇಳಿಯೇ ತಗೊಳ್ಳಿ. ಹಿಂದೆ ಮುಂದೆ ಎರಡೂ ಕಡೆ ಬೀಳುವ ಹೊಡೆತಕ್ಕೆ ಸಾಮಾನ್ಯ ಸ್ಕೋಪ್ ಒಳಗಿನ ಗಾಜು ಸಡಿಲ ಆಗುತ್ತದೆ. 10 ಮೀಟರ್‌ಗೆ ಫೋಕಸ್ ಕೂಡುತ್ತದಾ ಅಂತಲೂ ನೋಡಿ, ಇಲ್ಲದಿದ್ದರೆ ಹಾಳೆ ಪೂರ್ತಿ ಮಂಜು ಮಂಜಾಗಿ ಕಾಣುತ್ತದೆ.